ಕಡಾಣಿಯ ಬೆಲೆ

ಹರಿಕಥೆ ಕೇಳಿ ಬೆಳೆದ ನಮ್ಮ ಮನೆತನಗಳಲ್ಲಿ ಕೈಕೇಯಿಯ ಬೆರಳಿನ ಕಥೆಯನ್ನು ಅರಿಯದವರು ವಿರಳ. ದೇವಾಸುರರ ಯುದ್ಧದಲ್ಲಿ ಇಂದ್ರನ ಪರವಾಗಿ ಕಾದುತ್ತಿದ್ದ ದಶರಥನ ರಥದಿಂದ ಕಡಾಣಿ ಕಳಚಿ ಬಿತ್ತಂತೆ. ಕಡಾಣಿ ಎಂದರೆ ಗಾಲಿಯು ಅಚ್ಚಿನಿಂದ ಜಾರಿಹೋಗದಂತೆ ಅಚ್ಚಿನ ತುದಿಗೆ ಸಿಕ್ಕಿಸುವ ಮೊಳೆ. ಪಟ್ಟಣದ ಮಕ್ಕಳು ಅದನ್ನು ಕಂಡಿರಲಾರರು. ಅದು ಬಿದ್ದದ್ದು ಬಿಲ್ಲಿನ ಮೇಲೆಯೇ ಕಣ್ಣಿಟ್ಟಿದ್ದ ರಾಜನಿಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದ ರಾಣಿಗೆ ತಿಳಿಯಿತು. ಆಕೆ ತನ್ನ ಬೆರಳನ್ನೇ ಆ ರಂಧ್ರಕ್ಕೆ ಕೊಟ್ಟು, ಯುದ್ಧ ಮುಗಿಯುವವರೆಗೆ ನೋವನ್ನು ನುಂಗಿಕೊಂಡು ಕುಳಿತಳಂತೆ. ವಾಲ್ಮೀಕಿಯಲ್ಲಿ ಈ ಬೆರಳಿನ ಮಾತಿಲ್ಲ. ಅಲ್ಲಿ ಆಕೆ ಗಾಯಗೊಂಡ ಪತಿಯನ್ನು ರಣರಂಗದಿಂದ ಪಾರುಮಾಡುತ್ತಾಳೆ, ಅಷ್ಟೆ. ಆದರೆ ಜನ ಮೆಚ್ಚಿ ಉಳಿಸಿಕೊಂಡದ್ದು ಬೆರಳಿನ ಕಥೆಯನ್ನೇ.

ಗೇಣುದ್ದವೂ ಇಲ್ಲದ ಒಂದು ಕಬ್ಬಿಣದ ತುಂಡು. ಅಂಥದೇ ಇನ್ನೊಂದು ತುಂಡು ರಥದ ಮೂಲೆಯಲ್ಲಿ ಇದ್ದಿದ್ದರೆ ಸಾರಥಿ ಅದನ್ನು ಸಿಕ್ಕಿಸಿ ಮುಂದುವರಿಯುತ್ತಿದ್ದ. ಆಗ ವರಗಳ ಪ್ರಸ್ತಾಪವೇ ಬರುತ್ತಿರಲಿಲ್ಲ. ವರಗಳಿಲ್ಲದಿದ್ದರೆ ವನವಾಸವೂ ಇಲ್ಲ. ರಾಮಾಯಣದ ದುಃಖವನ್ನೆಲ್ಲ ಬಿಡಿಭಾಗದ ಕೊರತೆಯ ತಲೆಗೆ ಕಟ್ಟುವುದು ಕಾವ್ಯರಸಿಕರಿಗೆ ಒಪ್ಪಿಗೆಯಾಗಲಾರದು. ತರಗತಿಯಲ್ಲಿ ನಾನೂ ಹಾಗೆ ಪಾಠ ಹೇಳುವುದಿಲ್ಲ. ಆದರೂ ಆ ಕಥೆಯಲ್ಲಿ ಒಂದು ಲೌಕಿಕ ಸತ್ಯ ಅಡಗಿದೆ. ತನ್ನ ಬಳಿ ಇಲ್ಲದ ಕಡಾಣಿಯನ್ನು ಆಪತ್ಕಾಲದಲ್ಲಿ ಯಾರು ಒದಗಿಸುವರೋ ಅವರಿಗೆ ಚಕ್ರವರ್ತಿಯೂ ಋಣಿ. ಆ ಋಣವನ್ನು ಯಾವಾಗ, ಯಾವ ರೂಪದಲ್ಲಿ ತೀರಿಸಬೇಕಾಗುವುದೋ ಹೇಳಬಲ್ಲವರಿಲ್ಲ.

ಈ ಮಾತು ನೆನಪಾದದ್ದು ನಮ್ಮ ಕಾಲದ ಮಹಾರಥವೊಂದರ ವಿಷಯವಾಗಿ. 2025ರ ಜನವರಿ 15ರಂದು 'ಸೂರತ್' ಎಂಬ ಕ್ಷಿಪಣಿ ಹೊತ್ತ ವಿಧ್ವಂಸಕ ನೌಕೆ ಮುಂಬಯಿಯಲ್ಲಿ ನಮ್ಮ ನೌಕಾಬಲವನ್ನು ಸೇರಿತು. ಇಂಥ ನೌಕೆಯ ಚಿತ್ರ ಪತ್ರಿಕೆಯಲ್ಲಿ ಬಂದ ದಿನ ಮನೆಯ ಹುಡುಗರು ಅದರ ಕ್ಷಿಪಣಿ ಎಷ್ಟು ದೂರ ಹಾರುತ್ತದೆ, ಎಷ್ಟು ವೇಗವಾಗಿ ಹಾರುತ್ತದೆ ಎಂಬುದನ್ನು ಬಾಯಿಪಾಠ ಮಾಡುತ್ತಾರೆ. ಸಂತೋಷವೇ. ಆದರೆ ಆ ನೌಕೆಯ ಉಗ್ರಾಣದಲ್ಲಿ ಏನೇನಿದೆ, ಏನೇನಿಲ್ಲ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಈ ವಾರ ಆ ಉಗ್ರಾಣದ ಬಾಗಿಲನ್ನು ಸ್ವಲ್ಪ ತೆರೆದು ನೋಡೋಣ.

ಮೊದಲು ಹೆಸರಿನ ವಿಚಾರ. 'ವಿಧ್ವಂಸಕ' ಎಂಬ ಹೆಸರು ಭಯಂಕರವಾಗಿದೆ; ಅದರ ಹುಟ್ಟು ಅಷ್ಟು ಭಯಂಕರವಲ್ಲ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಟಾರ್ಪೆಡೊ ಎಂಬ ನೀರೊಳಗಿನ ಅಸ್ತ್ರ ಬಳಕೆಗೆ ಬಂದಾಗ, ಅದನ್ನು ಹೊತ್ತ ಪುಟ್ಟ ದೋಣಿಯೊಂದು ಕೋಟೆಯಂಥ ಯುದ್ಧನೌಕೆಯನ್ನೂ ಮುಳುಗಿಸಬಲ್ಲದೆಂಬ ಭೀತಿ ದೊಡ್ಡ ನೌಕಾಬಲಗಳನ್ನು ಹಿಡಿಯಿತು. ಆ ದೋಣಿಗಳನ್ನು ಅಟ್ಟಿಸಿಕೊಂಡು ಹೋಗಿ ನಾಶಮಾಡಲೆಂದು ಬ್ರಿಟನ್ನು 1893ರಲ್ಲಿ 'ಹ್ಯಾವಕ್' ಎಂಬ ವೇಗದ ಹಡಗನ್ನು ನೀರಿಗಿಳಿಸಿತು. ಆ ಬಗೆಯ ಹಡಗಿಗೆ ಕೊಟ್ಟ ಹೆಸರು 'ಟಾರ್ಪೆಡೊ ದೋಣಿಗಳ ವಿಧ್ವಂಸಕ' ಎಂದು. ಕಾಲಕ್ರಮದಲ್ಲಿ ಮುಂದಿನ ಪದಗಳು ಉದುರಿ ಕೊನೆಯದು ಮಾತ್ರ ಉಳಿಯಿತು. ಶಬ್ದಗಳಿಗೂ ಬಿಡಿಭಾಗಗಳುಂಟು, ಅವೂ ಬಳಕೆಯಲ್ಲಿ ಸವೆದು ಕಳಚುತ್ತವೆ ಎಂಬುದು ವ್ಯಾಕರಣ ಬಲ್ಲವರಿಗೆ ಹೊಸದಲ್ಲ.

ಮುಕ್ಕಾಲು ಶತಮಾನ ಕಳೆಯುವಷ್ಟರಲ್ಲಿ ಅದೇ ಕಥೆ ಬೇರೆ ವೇಷದಲ್ಲಿ ಮರಳಿ ಬಂತು. 1967ರ ಅಕ್ಟೋಬರ್ 21ರಂದು ಈಜಿಪ್ಟಿನ ಸಣ್ಣ ದೋಣಿಗಳು ಹಾರಿಸಿದ ಸೋವಿಯತ್ ಕ್ಷಿಪಣಿಗಳಿಗೆ ಸಿಕ್ಕಿ ಇಸ್ರೇಲಿನ 'ಐಲಾತ್' ಎಂಬ ವಿಧ್ವಂಸಕ ನೌಕೆ ಮುಳುಗಿತು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಹೊರಗಡಲಿನಲ್ಲಿ ನಮ್ಮ ಕ್ಷಿಪಣಿ ದೋಣಿಗಳು ಪಾಕಿಸ್ತಾನದ 'ಖೈಬರ್' ಎಂಬ ವಿಧ್ವಂಸಕ ನೌಕೆಯನ್ನು ಮುಳುಗಿಸಿದವು. ಬೇಟೆಗಾರನೇ ಬೇಟೆಯಾದ. ತೋಪುಗಳನ್ನು ಮಾತ್ರ ನಂಬಿದ ನೌಕೆಗೆ ಇನ್ನು ಉಳಿಗಾಲವಿಲ್ಲವೆಂಬುದು ಸ್ಪಷ್ಟವಾಯಿತು. ಅಮೆರಿಕವು ಇದನ್ನು ಮೊದಲೇ ಊಹಿಸಿ 1956ರಲ್ಲಿಯೇ 'ಗ್ಯಾಟ್' ಎಂಬ ನೌಕೆಯ ಮೇಲೆ ವಿಮಾನಗಳನ್ನು ಹೊಡೆಯುವ ಕ್ಷಿಪಣಿಗಳನ್ನು ಏರಿಸಿತ್ತು. ಜಗತ್ತಿನ ಮೊದಲ ಕ್ಷಿಪಣಿ ವಿಧ್ವಂಸಕ ನೌಕೆ ಅದೇ. ಇಂದಿನ ವಿಧ್ವಂಸಕ ನೌಕೆ ಆಕಾಶ, ನೀರು, ನೀರಿನ ಅಡಿ ಈ ಮೂರರಿಂದಲೂ ಬರುವ ಶತ್ರುವನ್ನು ಎದುರಿಸಬೇಕಾದ ಯಂತ್ರ.

ಯಂತ್ರ ಎಂದೆ, ಯಂತ್ರಗಳ ಒಂದು ಊರು ಎಂದರೆ ಹೆಚ್ಚು ಸರಿ. 'ಸೂರತ್' ನೌಕೆಯ ಉದ್ದ ಸುಮಾರು 163 ಮೀಟರ್. ತೂಕ ಸುಮಾರು 7,400 ಟನ್. ಊರಿಗೆ ಬೇಕಾದುದೆಲ್ಲ ಅದರ ಒಡಲಲ್ಲಿದೆ. ವಿದ್ಯುತ್ತನ್ನು ಹಡಗೇ ತಯಾರಿಸಿಕೊಳ್ಳಬೇಕು; ಕುಡಿಯುವ ನೀರನ್ನು ಸಮುದ್ರದ ಉಪ್ಪುನೀರಿನಿಂದ ತೆಗೆಯಬೇಕು; ಅಡಿಗೆಮನೆ ಬೆಳಗ್ಗೆಯಿಂದ ರಾತ್ರಿಯವರೆಗೆ ನಡೆಯಬೇಕು; ರೇಡಾರಿನ ಕೋಣೆಗಳನ್ನು ತಣ್ಣಗಿಡಬೇಕು, ಇಲ್ಲವಾದರೆ ಅದರ ಸೂಕ್ಷ್ಮ ಯಂತ್ರಗಳು ಬಿಸಿಯೇರಿ ಮೂಕವಾಗುತ್ತವೆ. ಇವೆಲ್ಲಕ್ಕೂ ಪಂಪುಗಳು, ಕವಾಟಗಳು, ಬೇರಿಂಗುಗಳು, ಮೈಲಿಗಟ್ಟಲೆ ತಂತಿ, ಕೊಳವೆ. ಮೇಲೆ ಉಪ್ಪುಗಾಳಿ, ಕೆಳಗೆ ಉಪ್ಪುನೀರು, ಹಗಲಿರುಳೂ ಅಲುಗಾಟ. ನಮ್ಮ ಮನೆಯ ಕುಕ್ಕರಿನ ಗ್ಯಾಸ್ಕೆಟ್ಟು ವರ್ಷಕ್ಕೊಮ್ಮೆ ಸಡಿಲವಾದರೆ ಗೃಹಿಣಿಗೆ ಆಗುವ ತೊಂದರೆ ನಮಗೆ ಗೊತ್ತು. ಅಂಗಡಿ ಬೀದಿಯ ತಿರುವಿನಲ್ಲಿದೆ. ಹತ್ತು ನಿಮಿಷದಲ್ಲಿ ಹೊಸದು ಬರುತ್ತದೆ. ಕಡಲಿನ ನಡುವೆ ಬೀದಿಯೂ ಇಲ್ಲ, ತಿರುವೂ ಇಲ್ಲ.

ಆದ್ದರಿಂದ ನೌಕಾಬಲಗಳು ಬಿಡಿಭಾಗಗಳನ್ನು ಹಲವು ಅಂತಸ್ತುಗಳಲ್ಲಿ ಸಂಗ್ರಹಿಸುತ್ತವೆ. ಪ್ರಯಾಣದಲ್ಲಿ ಪದೇ ಪದೇ ಸವೆಯುವ, ನಾವಿಕರೇ ಬದಲಾಯಿಸಬಲ್ಲ ವಸ್ತುಗಳು ಹಡಗಿನಲ್ಲಿಯೇ ಇರುತ್ತವೆ. ಅದಕ್ಕಿಂತ ದೊಡ್ಡವು ಬಂದರಿನ ಉಗ್ರಾಣದಲ್ಲಿ. ಯಂತ್ರವನ್ನೇ ಬಿಚ್ಚಿ ದುರಸ್ತಿ ಮಾಡಲು ಬೇಕಾದವು ಹಡಗುಕಟ್ಟೆಯ ದೊಡ್ಡ ಕಾರ್ಖಾನೆಗಳಲ್ಲಿ. ಇನ್ನು ಕೆಲವು ವಸ್ತುಗಳಿವೆ. ಹಡಗಿನ ತಳದ ದೊಡ್ಡ ಪ್ರೊಪೆಲರ್, ಅದನ್ನು ತಿರುಗಿಸುವ ಉಕ್ಕಿನ ದಂಡ ಇಂಥವು. ಇವುಗಳನ್ನು ಮೂವತ್ತು ವರ್ಷ ಕಾಪಾಡಿಯೂ ಒಮ್ಮೆಯೂ ಬಳಸದೆ ಹೋಗಬಹುದು. ಹಾಗೆಂದು ಇಡದಿದ್ದರೆ, ಬೇಕಾದ ದಿನ ಹೊಸದನ್ನು ಎರಕ ಹೊಯ್ದು ತರಲು ತಿಂಗಳುಗಳೇ ಹಿಡಿಯುತ್ತವೆ. ಅವು ಒಂದು ಬಗೆಯ ಜೀವವಿಮೆ. ಹಣ ದಂಡವಾಯಿತೆಂದು ಸಂತೋಷಪಡಬೇಕಾದ ಖರ್ಚು.

ಉಗ್ರಾಣದಲ್ಲಿ ಇಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ರಬ್ಬರಿನ ಬಳೆಗಳು ಕಪಾಟಿನಲ್ಲಿಯೇ ಒಣಗಿ ಬಿರುಕು ಬಿಡುತ್ತವೆ. ಬೇರಿಂಗಿನ ಗ್ರೀಸು ಗಟ್ಟಿಯಾಗುತ್ತದೆ. ಬ್ಯಾಟರಿ ಕುಳಿತಲ್ಲಿಯೇ ಸಾಯುತ್ತದೆ. ಹಾಗಾಗಿ ಪ್ರತಿಯೊಂದಕ್ಕೂ ಆಯುಷ್ಯ ಬರೆದಿಡಬೇಕು. ಇನ್ನೊಂದು ಕಷ್ಟ ಗುರುತು ಹಚ್ಚುವುದು. ಒಂದೇ ತಿರುಪನ್ನು ಹತ್ತು ಕಾರ್ಖಾನೆಗಳು ಹತ್ತು ಹೆಸರಿನಿಂದ ಕರೆದರೆ ಉಗ್ರಾಣಿಕನ ಪಾಡೇನು? ಅಮೆರಿಕ ಮತ್ತು ಅದರ ನೇಟೋ ಮಿತ್ರರಾಷ್ಟ್ರಗಳು ಇದಕ್ಕಾಗಿ ಪ್ರತಿ ವಸ್ತುವಿಗೂ 13 ಅಂಕಿಗಳ ಸಂಖ್ಯೆಯೊಂದನ್ನು ಕೊಡುತ್ತವೆ. ಮೊದಲ 4 ಅಂಕಿ ವಸ್ತುವಿನ ಜಾತಿಯನ್ನು ಹೇಳುತ್ತದೆ, ಮುಂದಿನ 2 ದೇಶವನ್ನು, ಉಳಿದ 7 ಆ ವಸ್ತುವನ್ನೇ. 5310 ಎಂದು ಆರಂಭವಾದರೆ ಅದು ನಟ್ಟು ಅಥವಾ ವಾಷರು. 3110 ಎಂದಾದರೆ ಬೇರಿಂಗು. ಗೋತ್ರ, ಸೂತ್ರ, ಹೆಸರು ಮೂರನ್ನೂ ಹೇಳಿ ನಮಸ್ಕರಿಸುವ ನಮ್ಮ ಹಳೆಯ ಪದ್ಧತಿಗೂ ಇದಕ್ಕೂ ಬಹಳ ದೂರವಿಲ್ಲ.

ಕನ್ನಡದಲ್ಲಿ ಇವಕ್ಕೆ 'ಬಿಡಿಭಾಗ' ಎಂಬ ಹೆಸರು ಬಂದದ್ದು ಭಾಗ್ಯವೆಂದೇ ನನ್ನ ಎಣಿಕೆ. ಇಂಗ್ಲಿಷಿನ 'ಸ್ಪೇರ್' ಎಂಬ ಮಾತಿನಲ್ಲಿ 'ಹೆಚ್ಚಾಗಿ ಉಳಿದದ್ದು, ಮಿಕ್ಕದ್ದು' ಎಂಬ ಧ್ವನಿಯಿದೆ. ಕೇಳಿದವರಿಗೆ ಅದಿಲ್ಲದಿದ್ದರೂ ನಡೆದೀತು ಎನಿಸಬೇಕು. ನಮ್ಮ ಮಾತಿನಲ್ಲಿ 'ಬಿಡಿ'ಗೆ ಎದುರಾಗಿ ನಿಲ್ಲುವ ಪದ 'ಇಡಿ'. ಬಿಡಿ ಸೇರಿಯೇ ಇಡಿ. ಬಿಡಿ ತಪ್ಪಿದರೆ ಇಡಿಯ ಹಡಗು ಬಂದರಿನಲ್ಲಿ ಕಟ್ಟಿಹಾಕಿದ ಕಬ್ಬಿಣ.

ಈಗ ಒಂದು ನಿಜವಾದ ಹಡಗಿನ ಜೀವನಚರಿತ್ರೆಯನ್ನು ನೋಡೋಣ. ನಮ್ಮ ನೌಕಾಬಲ ಪಡೆದ ಮೊದಲ ಕ್ಷಿಪಣಿ ವಿಧ್ವಂಸಕ ನೌಕೆ 'ರಾಜಪೂತ್'. ಸುಮಾರು 5,000 ಟನ್ನಿನ ಈ ಹಡಗನ್ನು ಕಟ್ಟಿದ್ದು ಸೋವಿಯತ್ ಒಕ್ಕೂಟದ ನಿಕೊಲಾಯೆವ್ ನಗರದಲ್ಲಿ. ಸೇವೆಗೆ ಸೇರಿಸಿಕೊಂಡದ್ದು 1980ರ ಮೇ 4ರಂದು, ಕಪ್ಪು ಸಮುದ್ರದ ದಡದ ಪೋತಿ ಬಂದರಿನಲ್ಲಿ. ಕಟ್ಟುವಾಗ ಅದಕ್ಕಿದ್ದ ರಷ್ಯನ್ ಹೆಸರು 'ನದ್ಯೋಜ್ನಿ', ಎಂದರೆ 'ನಂಬಿಕೆಗೆ ಅರ್ಹ'. ಅದರ ಹಿಂದೆಯೇ ರಾಣಾ, ರಣಜಿತ್, ರಣವೀರ್, ರಣವಿಜಯ್ ಎಂಬ ನಾಲ್ಕು ತಮ್ಮಂದಿರು ಬಂದರು. ಇವುಗಳ ಹೃದಯ ಅನಿಲ ಟರ್ಬೈನ್. ವಿಮಾನದ ಜೆಟ್ ಯಂತ್ರದ ದಾಯಾದಿ. ಗಾಳಿಯನ್ನು ಒಳಗೆಳೆದು ಒತ್ತಿ, ಇಂಧನ ಬೆರೆಸಿ ಉರಿಸಿ, ಆ ಬಿಸಿ ಅನಿಲದ ರಭಸದಿಂದ ಚಕ್ರಗಳನ್ನು ತಿರುಗಿಸುವ ಯಂತ್ರ. ಹಡಗು ಗಂಟೆಗೆ 30 ನಾವಿಕ ಮೈಲಿಗೂ, ಎಂದರೆ ಸುಮಾರು 55 ಕಿಲೋಮೀಟರಿಗೂ, ಮಿಗಿಲಾದ ವೇಗದಲ್ಲಿ ಓಡಲು ಇದೇ ಕಾರಣ.

ಆದರೆ ಈ ಹೃದಯ ಬಲು ನಾಜೂಕು. ಚಕ್ರದ ಸುತ್ತ ಜೋಡಿಸಿದ ಲೋಹದ ಅಲಗುಗಳು ಕುಲುಮೆಯ ತಾಪದಲ್ಲಿ ನಿಮಿಷಕ್ಕೆ ಸಾವಿರಾರು ಸಲ ಸುತ್ತಬೇಕು. ಗಾಳಿಯ ಜೊತೆ ಬರುವ ಉಪ್ಪು ಅವುಗಳ ಮೇಲೆ ಕುಳಿತು ಮೆಲ್ಲಗೆ ತಿನ್ನುತ್ತದೆ. ನಿಗದಿಯಾದಷ್ಟು ಗಂಟೆ ಓಡಿದ ಮೇಲೆ ಇಡೀ ಯಂತ್ರವನ್ನು ಹೊರತೆಗೆದು, ಬಿಚ್ಚಿ, ಸವೆದ ಅಲಗುಗಳನ್ನು ಬದಲಾಯಿಸಿ ಮತ್ತೆ ಜೋಡಿಸಬೇಕು. ಆ ಅಲಗಿನ ಮಿಶ್ರಲೋಹದ ಗುಟ್ಟು, ಅದರ ಅಳತೆಯ ನಕ್ಷೆ, ಅದನ್ನು ಪರೀಕ್ಷಿಸುವ ವಿಧಾನ ಎಲ್ಲವೂ ತಯಾರಕನ ಕೈಯಲ್ಲಿ. ಹಡಗಿಗೆ ಬೆಲೆ ಕೊಟ್ಟವರು ನಾವು. ಅದರ ನಾಡಿ ಮಾತ್ರ ನಿಕೊಲಾಯೆವ್‌ನಲ್ಲಿ.

1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ಇಲ್ಲವಾಯಿತು. ಒಂದು ದೇಶವಿದ್ದಲ್ಲಿ ಹದಿನೈದು ದೇಶಗಳು ಎದ್ದುವು. 'ರಾಜಪೂತ್' ಹುಟ್ಟಿದ ನಿಕೊಲಾಯೆವ್ ಉಕ್ರೇನಿಗೆ ಸೇರಿ ಮಿಕೊಲಾಯಿವ್ ಆಯಿತು. ಧ್ವಜವೇರಿಸಿದ ಪೋತಿ ಜಾರ್ಜಿಯಾದ ಪಾಲಾಯಿತು. ಆಯುಧಗಳ ಕಾರ್ಖಾನೆಗಳಲ್ಲಿ ಬಹುಪಾಲು ರಷ್ಯದಲ್ಲಿ ಉಳಿದವು. ಮೊದಲು ಮಾಸ್ಕೋವಿನ ಒಂದೇ ಕಚೇರಿಗೆ ಪತ್ರ ಬರೆದರೆ ಸಾಕಿತ್ತು. ಈಗ ಯಾವ ಬೇರಿಂಗನ್ನು ಯಾವ ದೇಶದ ಯಾವ ಕಾರ್ಖಾನೆ ಮಾಡುತ್ತಿತ್ತು ಎಂದು ಹುಡುಕಬೇಕು. ಹುಡುಕಿದರೆ ಕೆಲವು ಮುಚ್ಚಿದ್ದವು. ಕೆಲವು ಮುಂಗಡ ಹಣ ಕೇಳಿದವು. ಯುದ್ಧದ ನಡುವೆ ಬೆರಳು ಕೊಟ್ಟು ಕುಳಿತಿದ್ದವರು ಇದ್ದಕ್ಕಿದ್ದಂತೆ ರಥದಿಂದ ಇಳಿದು ಹೋದ ಹಾಗಾಯಿತು. ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ಆಗ ನಿರ್ಮಾಣದಲ್ಲಿದ್ದ 'ದೆಹಲಿ' ನೌಕೆಯ ಗತಿಯನ್ನು ನೋಡಿ: 1987ರಲ್ಲಿ ಅಡಿಗಟ್ಟು ಹಾಕಿ, 1991ರ ಫೆಬ್ರವರಿಯಲ್ಲಿ ನೀರಿಗಿಳಿಸಿದ ಅದು ಸೇವೆಗೆ ಸೇರಿದ್ದು 1997ರ ನವೆಂಬರ್ 15ರಂದು. ಒಕ್ಕೂಟದಿಂದ ಬರಬೇಕಾಗಿದ್ದ ಯಂತ್ರಗಳು, ಆಯುಧಗಳು ತಡವಾದದ್ದು ಆ ಹತ್ತು ವರ್ಷಗಳ ದೊಡ್ಡ ಕಾರಣಗಳಲ್ಲಿ ಒಂದು.

ಆದರೂ 'ರಾಜಪೂತ್' ಮುಳುಗಲಿಲ್ಲ, ಮೂಲೆ ಸೇರಲೂ ಇಲ್ಲ. ಅದನ್ನು ಹೆತ್ತ ದೇಶ ಕಣ್ಮರೆಯಾದ ಮೇಲೆ ಇನ್ನೂ ಮೂವತ್ತು ವರ್ಷ ತೇಲಿತು. ಹುಟ್ಟುವಾಗ ಯಾರ ಕನಸಿನಲ್ಲಿಯೂ ಇಲ್ಲದಿದ್ದ ಬ್ರಹ್ಮೋಸ್ ಕ್ಷಿಪಣಿಯನ್ನು ಮೊತ್ತಮೊದಲು ಹೊತ್ತ ನಮ್ಮ ನೌಕೆಯೂ ಅದೇ. 2021ರ ಮೇ 21ರಂದು ವಿಶಾಖಪಟ್ಟಣದಲ್ಲಿ ಸೂರ್ಯಾಸ್ತದ ಹೊತ್ತಿಗೆ ಅದರ ಧ್ವಜವನ್ನು ಕೊನೆಯ ಸಲ ಇಳಿಸಿದಾಗ ಅದಕ್ಕೆ 41 ವರ್ಷ. ಈ ದೀರ್ಘಾಯುಷ್ಯ ಮಂತ್ರದಿಂದ ಬಂದುದಲ್ಲ. ಟರ್ಬೈನುಗಳನ್ನು ಬಿಚ್ಚಿ ಸರಿಪಡಿಸುವ ಕಾರ್ಖಾನೆಯನ್ನು ನೌಕಾಬಲ ವಿಶಾಖಪಟ್ಟಣದಲ್ಲಿಯೇ ಕಟ್ಟಿಕೊಂಡಿತು; 'ಏಕಶಿಲಾ' ಎಂಬ ಅದರ ಹೆಸರನ್ನು ಪತ್ರಿಕೆಗಳಲ್ಲಿ ನಾವು ಕಾಣುವುದು ಕಡಿಮೆ. ಸಾಧ್ಯವಾದ ಭಾಗಗಳನ್ನು ಇಲ್ಲಿಯೇ ಅಳತೆ ತೆಗೆದು ಮಾಡಿಸಿದರು. ಆಗದಿದ್ದನ್ನು ಹುಡುಕಿ ತಂದರು. ಹಡಗಿನ ಕ್ಯಾಪ್ಟನ್ನರ ಹೆಸರು ದಾಖಲೆಯಲ್ಲಿದೆ. ತುಕ್ಕು ಹಿಡಿದ ಕವಾಟವೊಂದನ್ನು ಬಿಚ್ಚಿ ಅದರಂಥದೇ ಇನ್ನೊಂದನ್ನು ಕಡೆದುಕೊಟ್ಟ ಕೆಲಸಗಾರನ ಹೆಸರು ಎಲ್ಲಿಯೂ ಇಲ್ಲ.

ಬಿಡಿಭಾಗ ಸಿಗದಾಗ ನಾವಿಕರು ಹಿಡಿಯುವ ಇನ್ನೊಂದು ದಾರಿಯಿದೆ. ಪಕ್ಕದಲ್ಲಿ ದುರಸ್ತಿಗೆ ನಿಂತ ಹಡಗಿನಿಂದ ಬೇಕಾದುದನ್ನು ಬಿಚ್ಚಿ ಹೊರಡುವ ಹಡಗಿಗೆ ಹಾಕುವುದು. ಇದಕ್ಕೆ ಇಂಗ್ಲಿಷಿನಲ್ಲಿ ಇಟ್ಟಿರುವ ಹೆಸರಿನ ಅರ್ಥ 'ಸ್ವಜಾತಿ ಭಕ್ಷಣೆ'. ಬಡ ದೇಶಗಳು ಮಾತ್ರ ಇದನ್ನು ಮಾಡುತ್ತವೆಂದು ತಿಳಿಯಬೇಡಿ. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನ ಕಚೇರಿ 2017ರಲ್ಲಿ ಹೊರತಂದ ವರದಿಯ ಪ್ರಕಾರ, ಅಲ್ಲಿನ ರಾಜನೌಕಾಬಲದಲ್ಲಿ ಇಂಥ ಬಿಚ್ಚಾಟ ಐದು ವರ್ಷಗಳಲ್ಲಿ ನೂರಕ್ಕೆ 49ರಷ್ಟು ಹೆಚ್ಚಿತ್ತು. 2016-17ರ ಒಂದೇ ವರ್ಷದಲ್ಲಿ 795 ಸಲ ಹಾಗೆ ಮಾಡಬೇಕಾಗಿ ಬಂದಿತ್ತು. ಒಟ್ಟು ಒದಗಿಸಿದ ಭಾಗಗಳಲ್ಲಿ ಇದು ನೂರಕ್ಕೆ ಅರ್ಧದಷ್ಟೇ. ಅಷ್ಟಾದರೂ ತೊಂದರೆ ಸಣ್ಣದಲ್ಲ. ಒಂದು ಭಾಗಕ್ಕೆ ಎರಡು ಸಲ ಬಿಚ್ಚುವ, ಎರಡು ಸಲ ಜೋಡಿಸುವ ಶ್ರಮ. ಬಿಚ್ಚುವಾಗ ಪಕ್ಕದ್ದು ಮುರಿಯುವ ಭಯ. ತನ್ನ ಹಡಗನ್ನು ತಾನೇ ಕೈಯಾರೆ ಬರಿದುಮಾಡುವ ನಾವಿಕನ ಬೇಸರ. ಮದುವೆಮನೆಗೆ ಹೋಗಲು ತಂಗಿಯ ಸರವನ್ನು ಅಕ್ಕ ಹಾಕಿಕೊಂಡರೆ ಅಡ್ಡಿಯಿಲ್ಲ. ಇಬ್ಬರೂ ಒಂದೇ ಮದುವೆಗೆ ಹೊರಟ ದಿನ ಮನೆಯ ಬಡತನ ಹೊರಬೀಳುತ್ತದೆ. ನೌಕಾಬಲಕ್ಕೆ ಆ ಮದುವೆಯ ದಿನವೆಂದರೆ ಯುದ್ಧ.

ಬಿಡಿಭಾಗವೂ ಉತ್ತರವಾಗದ ಪ್ರಸಂಗವೂ ಇದೆ. ಬ್ರಿಟನ್ನಿನ 'ಡೇರಿಂಗ್' ವರ್ಗದ ಆರು ವಿಧ್ವಂಸಕ ನೌಕೆಗಳು ಕಟ್ಟುವಾಗ ಅತ್ಯಾಧುನಿಕವೆನಿಸಿದ್ದವು. ಆದರೆ ಬೆಚ್ಚನೆಯ ಕಡಲುಗಳಿಗೆ ಹೋದಾಗ ಅವುಗಳ ಟರ್ಬೈನಿನ ಗಾಳಿಯನ್ನು ತಣಿಸುವ ಅಂಗ ಸೋತು, ಇಡೀ ಹಡಗು ವಿದ್ಯುತ್ತಿಲ್ಲದೆ ಕತ್ತಲಾದ ಪ್ರಸಂಗಗಳು ನಡೆದವು. ಹೊಸ ಭಾಗ ಹಾಕಿದರೂ ಅದೇ ದೋಷ; ಏಕೆಂದರೆ ತಪ್ಪು ಇದ್ದದ್ದು ಯೋಜನೆಯಲ್ಲಿಯೇ. ಕೊನೆಗೆ ಹಡಗಿನ ಪಕ್ಕೆಯನ್ನು ಕೊಯ್ದು, ಎರಡು ಡೀಸೆಲ್ ಜನರೇಟರುಗಳ ಜಾಗದಲ್ಲಿ ಮೂರು ದೊಡ್ಡವನ್ನು ಕೂರಿಸುವ ಕೆಲಸಕ್ಕೆ ಕೈಹಾಕಬೇಕಾಯಿತು. 'ಡಾಂಟ್‌ಲೆಸ್' ಎಂಬ ನೌಕೆ 2020ರಲ್ಲಿ ಈ ಶಸ್ತ್ರಚಿಕಿತ್ಸೆಗೆ ಮೊದಲನೆಯದಾಗಿ ಒಳಗಾಗಿ 2022ರಲ್ಲಿ ಮರಳಿ ಕಡಲು ಕಂಡಿತು.

ಇನ್ನು ಖೋಟಾ ಸರಕಿನ ಹಾವಳಿ. ಹಡಗು ಮೂವತ್ತು ನಲವತ್ತು ವರ್ಷ ಬಾಳುತ್ತದೆ. ಅದರ ರೇಡಾರಿನೊಳಗಿನ ಎಲೆಕ್ಟ್ರಾನಿಕ್ ಚಿಪ್ಪು ಕೆಲವೇ ವರ್ಷಗಳಲ್ಲಿ ತಯಾರಿಕೆಯಿಂದ ನಿಲ್ಲುತ್ತದೆ. ತಯಾರಕ ಕೈಬಿಟ್ಟ ಮೇಲೆ ಮಧ್ಯವರ್ತಿಗಳ ಮೊರೆಹೋಗಬೇಕು. ಅಲ್ಲಿ ಹಳೆಯ ಕಂಪ್ಯೂಟರಿನ ಕಸದಿಂದ ಕಿತ್ತ ಚಿಪ್ಪಿನ ಮೇಲಿನ ಬರೆಹವನ್ನು ಉಜ್ಜಿ, ಹೊಸ ಬರೆಹ ಅಚ್ಚೊತ್ತಿ ಮಾರುವವರು ಕಾದಿರುತ್ತಾರೆ. ಅಮೆರಿಕದ ಸೆನೆಟ್ಟಿನ ಸಮಿತಿಯೊಂದು 2012ರಲ್ಲಿ ತನ್ನ ದೇಶದ ಸೇನಾ ಸರಬರಾಜನ್ನು ಶೋಧಿಸಿ, ಸುಮಾರು 1,800 ಪ್ರಕರಣಗಳಲ್ಲಿ 10 ಲಕ್ಷಕ್ಕೂ ಮಿಕ್ಕ ಶಂಕಾಸ್ಪದ ಭಾಗಗಳನ್ನು ಪತ್ತೆಹಚ್ಚಿತು. ಅತ್ಯಂತ ಧನಿಕ ಸೇನೆಯ ಮನೆಯಲ್ಲಿಯೇ ಹೀಗೆ! ಸೇನೆಯ ಒಂದು ಬೋಲ್ಟಿನ ಬೆಲೆ ಬಜಾರಿನ ಬೋಲ್ಟಿಗಿಂತ ಎಷ್ಟೋ ಪಟ್ಟು ಏಕೆಂದು ಕೆಲವರು ಹುಬ್ಬೇರಿಸುತ್ತಾರೆ. ಅದರಲ್ಲಿ ಲಾಭಕೋರತನ ಇಲ್ಲವೇ ಇಲ್ಲವೆಂದು ನಾನು ವಾದಿಸಲಾರೆ. ಆದರೆ ಲೋಹ ಯಾವ ಕುಲುಮೆಯಿಂದ ಬಂತು, ಯಾರು ಪರೀಕ್ಷಿಸಿದರು, ಎಷ್ಟು ಒತ್ತಡ ತಾಳಿತು ಎಂಬ ಪತ್ರ ಆ ಬೋಲ್ಟಿನ ಜೊತೆಗಿರುತ್ತದೆ. ಬೆಲೆಯ ಬಹುಪಾಲು ಆ ನಂಬಿಕೆಯ ಬೆಲೆ.

ನಂಬಿಕೆಯೆಂದಾಗ ಮನುಷ್ಯರ ನೆನಪು ಬರಬೇಕು. ಈ ಹಡಗುಗಳಲ್ಲಿ ಮುನ್ನೂರು ನಾಲ್ಕುನೂರು ಜನ ವಾಸಿಸುತ್ತಾರೆ. ಯಂತ್ರದ ಮಗ್ಗುಲಲ್ಲಿಯೇ ಉಣ್ಣುತ್ತಾರೆ, ಮಲಗುತ್ತಾರೆ. 2022ರ ಜನವರಿ 18ರಂದು ಮುಂಬಯಿಯ ಕಟ್ಟೆಯಲ್ಲಿ ನಿಂತಿದ್ದ 'ರಣವೀರ್' ನೌಕೆಯ ಒಳಕೋಣೆಯೊಂದರಲ್ಲಿ ಸ್ಫೋಟವಾಗಿ ಮೂವರು ನಾವಿಕರು ತೀರಿಕೊಂಡರು. ಶತ್ರುವಿರಲಿಲ್ಲ, ಯುದ್ಧವಿರಲಿಲ್ಲ. ಸಮರನೌಕೆಯ ಮೇಲೆ ಪ್ರಾಣಾಪಾಯ ಗುಂಡಿನಿಂದಲೇ ಬರಬೇಕೆಂದಿಲ್ಲ. ಒಳಗಿನ ಪ್ರತಿ ಕೊಳವೆ, ಪ್ರತಿ ಕವಾಟದ ಕ್ಷೇಮದಲ್ಲಿ ಯಾರೋ ತಾಯಿಯ ಮಗನ ಕ್ಷೇಮವಿದೆ.

ನಮ್ಮ ನಾಡಿಗೂ ಈ ಕಥೆಗೂ ನಂಟಿದೆ. 'ಮೈಸೂರು' ಎಂಬ ಹೆಸರಿನ ಎರಡು ಯುದ್ಧನೌಕೆಗಳನ್ನು ನಮ್ಮ ನೌಕಾಬಲ ಕಂಡಿದೆ. ಮೊದಲನೆಯದು ಬ್ರಿಟನ್ನಿನಿಂದ ಕೊಂಡ 'ನೈಜೀರಿಯಾ' ಎಂಬ ಹಳೆಯ ಕ್ರೂಸರ್. 1957ರಲ್ಲಿ ಹೆಸರು ಬದಲಿಸಿಕೊಂಡು ನಮ್ಮದಾಯಿತು. 1960ರ ದಶಕದಲ್ಲಿ ಬ್ರಿಟನ್ನು ತನ್ನಲ್ಲಿ ಉಳಿದಿದ್ದ ಆ ವರ್ಗದ ಕ್ರೂಸರುಗಳನ್ನು ಗುಜರಿಗೆ ಕಳುಹಿಸಿತು; ನಮ್ಮದು 1985ರವರೆಗೆ ದುಡಿಯಿತು. ಎರಡನೆಯ 'ಮೈಸೂರು' ಮುಂಬಯಿಯಲ್ಲಿಯೇ ಕಟ್ಟಿದ 'ದೆಹಲಿ' ವರ್ಗದ ಕ್ಷಿಪಣಿ ವಿಧ್ವಂಸಕ ನೌಕೆ. 1999ರ ಜೂನ್ 2ರಂದು ಸೇವೆಗೆ ಬಂತು. ಅದರ ಲಾಂಛನ ನಮ್ಮ ಗಂಡಭೇರುಂಡ. ಹಕ್ಕಿ ಮೈಸೂರಿನದು, ಒಡಲು ಮುಂಬಯಿಯದು. ಟರ್ಬೈನು ಮಾತ್ರ ಮಿಕೊಲಾಯಿವ್‌ನದು.

ಈ ಮಾತು 'ಸೂರತ್' ನೌಕೆಗೂ ಸಲ್ಲುತ್ತದೆ. ಅದರ ವರ್ಗದ ನಾಲ್ಕು ನೌಕೆಗಳಲ್ಲಿ ನೂರಕ್ಕೆ ಸುಮಾರು 75ರಷ್ಟು ಸ್ವದೇಶಿ ಎಂಬುದು ಸರಕಾರದ ಲೆಕ್ಕ; ಹೆಮ್ಮೆಯ ವಿಷಯವೇ ಸರಿ. ಆದರೆ ಉಳಿದ 25ರಲ್ಲಿ ಹೃದಯವೇ ಸೇರಿಕೊಂಡಿದೆ. 2022ರ ಫೆಬ್ರವರಿಯಲ್ಲಿ ರಷ್ಯವು ಉಕ್ರೇನಿನ ಮೇಲೆ ಯುದ್ಧ ಹೂಡಿದಾಗ ಆ ಟರ್ಬೈನುಗಳನ್ನು ಮಾಡುವ 'ಜೋರ್ಯಾ' ಕಾರ್ಖಾನೆಯ ಮೇಲೂ ಕ್ಷಿಪಣಿಗಳು ಬಿದ್ದವು. ಇದೇ ಕಾಲದ ಇನ್ನೊಂದು ವಿಚಿತ್ರವನ್ನು ಕೇಳಿ. 2024ರ ಡಿಸೆಂಬರ್ 9ರಂದು ರಷ್ಯದ ಕಲಿನಿನ್‌ಗ್ರಾಡಿನಲ್ಲಿ ನಮ್ಮ ಧ್ವಜವೇರಿಸಿದ 'ತುಶಿಲ್' ಎಂಬ ಫ್ರಿಗೇಟ್ ನೌಕೆಯನ್ನು ಕಟ್ಟಿದವರು ರಷ್ಯನ್ನರು. ಅದರ ಯಂತ್ರ ಉಕ್ರೇನಿನದು. ಉಕ್ರೇನ್ ರಷ್ಯಕ್ಕೆ ಮಾರಲೊಲ್ಲದ ಯಂತ್ರವನ್ನು ಭಾರತವೇ ಕೊಂಡು ಅಲ್ಲಿಗೆ ತಲುಪಿಸಿತು. ಪರಸ್ಪರ ಕೊಲ್ಲುತ್ತಿರುವ ಇಬ್ಬರ ಕೈಕೆಲಸ ನಮ್ಮ ಒಂದೇ ಹಡಗಿನಲ್ಲಿ ಸೇರಿದೆ. ನಾಳೆ ಅದರ ಅಲಗು ಸವೆದರೆ ಯಾರ ಬಾಗಿಲು ತಟ್ಟಬೇಕು?

ಸ್ವಂತ ಟರ್ಬೈನಿಗೆ ನಾವು ಯತ್ನಿಸಿಲ್ಲವೆಂದಲ್ಲ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾಲಯ ಯುದ್ಧವಿಮಾನಕ್ಕೆಂದು ಆರಂಭಿಸಿದ 'ಕಾವೇರಿ' ಯಂತ್ರವನ್ನು ಹಡಗಿಗೆ ಒಗ್ಗಿಸಿ, ವಿಶಾಖಪಟ್ಟಣದ ಪರೀಕ್ಷಾ ಕಟ್ಟೆಯಲ್ಲಿ 12 ಮೆಗಾವಾಟಿನಷ್ಟು ಶಕ್ತಿಯನ್ನು ತೋರಿಸಿತು. ಆದರೆ ಆ ಕಾವೇರಿ ಯಾವ ವಿಧ್ವಂಸಕ ನೌಕೆಯ ಗರ್ಭವನ್ನೂ ಸೇರಲಿಲ್ಲ. ಬೇರೆ ಕಡೆ ಹೆಚ್ಚು ಜಯ ಸಿಕ್ಕಿದೆ. ನೀರಿನಡಿಯ ಶಬ್ದವನ್ನು ಕೇಳುವ ಸೋನಾರ್ ಯಂತ್ರವನ್ನು ಕೊಚ್ಚಿಯ ವಿಜ್ಞಾನಿಗಳು ರೂಪಿಸಿ, 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸುತ್ತದೆ. ಅದರ ಬಿಡಿಭಾಗಕ್ಕಾಗಿ ಯಾರ ವರವನ್ನೂ ಬೇಡಬೇಕಾಗಿಲ್ಲ. ಬನವಾಸಿಯ ಕದಂಬರ ಹೆಸರು ಹೊತ್ತು 2005ರ ಮೇ 31ರಂದು ಆರಂಭವಾದ ಕಾರವಾರದ ನೌಕಾನೆಲೆಯಲ್ಲಿ 10,000 ಟನ್ನಿನ ಹಡಗನ್ನು ನೀರಿನಿಂದ ನೆಲಕ್ಕೆತ್ತುವ ಏಣಿಯಿದೆ. ಒಂದು ಇಡೀ ವಿಧ್ವಂಸಕ ನೌಕೆ ಅಲ್ಲಿ ಒಣನೆಲದ ಮೇಲೆ ಚಿಕಿತ್ಸೆ ಪಡೆಯಬಹುದು. ರಕ್ಷಣಾ ಇಲಾಖೆ 2021ರ ಡಿಸೆಂಬರಿನಲ್ಲಿ, ಹೊರಗಿನಿಂದ ತರಿಸುವುದನ್ನು ನಿಲ್ಲಿಸಬೇಕಾದ 2,851 ಉಪಾಂಗಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಅವುಗಳಲ್ಲಿ 2,500 ಅದಾಗಲೇ ಇಲ್ಲಿ ತಯಾರಾಗುತ್ತಿದ್ದವು, 351 ಬಾಕಿಯಿದ್ದವು.

ಇಲ್ಲಿಯೂ ಒಂದು ತೊಡಕಿದೆ. ಅಮೆರಿಕವು 1991ರಿಂದ ಒಂದೇ 'ಆರ್ಲೀ ಬರ್ಕ್' ವರ್ಗದ ವಿಧ್ವಂಸಕ ನೌಕೆಗಳನ್ನು 70ಕ್ಕೂ ಹೆಚ್ಚು ಕಟ್ಟಿದೆ. ಎಲ್ಲಕ್ಕೂ ಒಂದೇ ಬಗೆಯ ಟರ್ಬೈನು. ಅಲಗು ಮಾಡುವವನಿಗೆ ನಿತ್ಯವೂ ಗಿರಾಕಿ. ನಮ್ಮಲ್ಲಿ ಒಂದು ವರ್ಗದಲ್ಲಿ ಮೂರು ನೌಕೆ, ಇನ್ನೊಂದರಲ್ಲಿ ನಾಲ್ಕು. ಮೂರು ಹಡಗಿಗೆ ಐದು ವರ್ಷಕ್ಕೊಮ್ಮೆ ಹನ್ನೆರಡು ಕವಾಟ ಬೇಕೆಂದು ಕೇಳಿದರೆ ಪೀಣ್ಯದ ಯಾವ ಸಣ್ಣ ಕಾರ್ಖಾನೆಯ ಮಾಲೀಕ ಅದಕ್ಕಾಗಿ ಅಚ್ಚು ಮಾಡಿಸಿಯಾನು? ದೇಶಭಕ್ತಿಯಿಂದ ಒಮ್ಮೆ ಮಾಡಿಯಾನು. ಎರಡನೆಯ ಸಲ ಲೆಕ್ಕ ನೋಡುತ್ತಾನೆ, ಅದು ತಪ್ಪೂ ಅಲ್ಲ. ಆದ್ದರಿಂದ ಸ್ವಾವಲಂಬನೆಯೆಂಬುದು ಉತ್ಸಾಹದ ಭಾಷಣದಿಂದ ಆಗುವ ಕೆಲಸವಲ್ಲ. ಹಡಗಿನ ನಕ್ಷೆ ಬರೆಯುವ ದಿನವೇ ಅದರ ಮೂವತ್ತನೆಯ ವರ್ಷದ ಕವಾಟವನ್ನೂ ನೆನೆಯಬೇಕು. ಹಲವು ಹಡಗುಗಳಿಗೆ ಒಂದೇ ಭಾಗ ಒಪ್ಪುವಂತೆ ನೋಡಬೇಕು. ಕೊಳ್ಳುವ ಕರಾರಿನಲ್ಲಿ ಯಂತ್ರದ ಜೊತೆ ಅದರ ವಿದ್ಯೆಯನ್ನೂ ಕೇಳಿ ಪಡೆಯಬೇಕು. ಮಾಡಿಕೊಡುವ ಸಣ್ಣ ಕಾರ್ಖಾನೆಗೆ ಹಣವನ್ನು ಹೊತ್ತಿಗೆ ಸರಿಯಾಗಿ ಸಲ್ಲಿಸಬೇಕು. ಇದರಲ್ಲಿ ವೀರರಸ ಕಡಿಮೆ, ಗೃಹಕೃತ್ಯ ಹೆಚ್ಚು.

ಗೃಹಕೃತ್ಯವೆಂದು ಕೀಳಾಗಿ ಕಾಣಬೇಡಿ. ಮಳೆಗಾಲಕ್ಕೆ ಮುಂಚೆ ಹೆಂಚು ತಿರುವಿಸಿ, ಬೇಸಗೆಯಲ್ಲೇ ಹಪ್ಪಳ ಸಂಡಿಗೆ ಒಣಗಿಸಿಟ್ಟು, ಮನೆಯನ್ನು ಯಾರ ಹಂಗಿಗೂ ಬೀಳದಂತೆ ನಡೆಸಿದ ನಮ್ಮ ಅಜ್ಜಿಯರ ವಿವೇಕವೇ ಸಮುದ್ರದ ಮೇಲೂ ನಡೆಯುವ ವಿವೇಕ. ಇನ್ನೊಮ್ಮೆ ಹೊಸ ಯುದ್ಧನೌಕೆಯ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ಕ್ಷಿಪಣಿ ಎಷ್ಟು ದೂರ ಹೋಗುತ್ತದೆಂದು ಮಗ ಓದಿ ಹೇಳಿದರೆ, ಸಂತೋಷದಿಂದ ಕೇಳಿ. ಕೇಳಿದ ಮೇಲೆ, "ಅದರ ಟರ್ಬೈನಿನ ಅಲಗು ಮುರಿದರೆ ಎಲ್ಲಿಂದ ತರುತ್ತಾರಪ್ಪ?" ಎಂದು ಅವನನ್ನು ಮೆಲ್ಲಗೆ ವಿಚಾರಿಸಿ. ಉತ್ತರ ಪತ್ರಿಕೆಯಲ್ಲಿ ಸಿಗಲಿಕ್ಕಿಲ್ಲ. ಹುಡುಗ ಬುದ್ಧಿವಂತನಾದರೆ ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಲೋಹಶಾಸ್ತ್ರ ಓದಲು ಹೊರಟಾನು.